ಸೌದೆಗೆ ಯಾವ ಸೂರು? ಟಾರ್ಪಾಲು, ಗೋಡೆ ಕೋಣೆ, ಕಲ್ಲುಕೂಚದ ಚಪ್ಪರ

ನಮ್ಮ ಮನೇಲಿ ಗ್ಯಾಸೂ ಇದೆ, ತಾರಸಿ ಮೇಲೆ ಸೋಲಾರೂ ಇದೆ. ಆದರೂ ಸ್ನಾನದ ನೀರು ಕಾಯುವುದು ಹಂಡೆಯಲ್ಲೇ, ಮುದ್ದೆ ಬೇಯುವುದು ಹಿತ್ತಲ ಒಲೆಯಲ್ಲೇ. ಹಿಂಗಾರಿನ ಮೋಡ ಕವಿದು ನಾಲ್ಕು ದಿನ ಬಿಸಿಲೇ ಬೀಳದಿದ್ದಾಗ ಸೋಲಾರಿನ ನಲ್ಲಿ ತಿರುಗಿಸಿ ನೋಡಿದವರು ಹಂಡೆಯನ್ನು ಹಳೇ ಕಾಲದ್ದು ಅಂತ ಆಡಿಕೊಳ್ಳುವುದಿಲ್ಲ.

2021ರ ನವೆಂಬರ್‌ನಲ್ಲಿ ಚಿಕ್ಕಬಳ್ಳಾಪುರ, ಕೋಲಾರದ ಕಡೆ ಸುರಿದ ಮಳೆ ನೆನಪಿರಬಹುದು. ಎಷ್ಟೋ ವರ್ಷದಿಂದ ತುಂಬದ ಕೆರೆಗಳು ಕೋಡಿ ಬಿದ್ದವು. ಊರೆಲ್ಲ ಸಂತೋಷ, ನಮ್ಮ ಹಿತ್ತಲಲ್ಲಿ ಮಾತ್ರ ಹೊಗೆ. ಸೌದೆ ರಾಶಿಗೆ ನೀಲಿ ಟಾರ್ಪಾಲು ಹೊದಿಸಿ, ಮೇಲೆ ನಾಲ್ಕು ಕಲ್ಲು ಹೇರಿದ್ದೆ. ಮೇಲಿನ ಸೌದೆ ನೆನೆದಿರಲಿಲ್ಲ, ಕೆಳಗಿನ ಅರ್ಧ ಒದ್ದೆ ಬಟ್ಟೆಯ ಹಾಗಿತ್ತು. ಅಮ್ಮ ಊದುಗೊಳವೆ ಊದಿ ಊದಿ ಕಣ್ಣು ಕೆಂಪಗಾಗಿ, ಇನ್ನೊಂದು ಸೌದೆ ಎಳೆಯಲು ಟಾರ್ಪಾಲಿನ ಅಂಚು ಎತ್ತಿದರೆ ಅಲ್ಲಿ ಬೆರಳುದ್ದದ ಕಪ್ಪು ಚೇಳು. ಅವತ್ತೇ ತೀರ್ಮಾನ ಮಾಡಿದ್ದು, ಸೌದೆಗೊಂದು ಮನೆ ಕಟ್ಟಬೇಕು ಅಂತ.

ಕಟ್ಟಿದ್ದು ಎರಡು. ಮೊದಲನೆಯದು ನನ್ನ ಬುದ್ಧಿ. ಹಳೇ ದನದ ಕೊಟ್ಟಿಗೆಯ ಪಕ್ಕ ಎಂಟಡಿ ಆರಡಿ ಜಾಗದಲ್ಲಿ ನಾಲ್ಕೂ ಕಡೆ ಹಾಲೋಬ್ಲಾಕ್ ಗೋಡೆ, ಮೇಲೆ ತಗಡು, ಮುಂದೆ ಕಬ್ಬಿಣದ ಬಾಗಿಲು, ಚಿಲಕ. ಸೌದೆಗೆ ಚಿಲಕ ಯಾಕೋ ಅಂತ ನೆಂಟರೆಲ್ಲ ನಕ್ಕರು. ಎರಡನೆಯದು ಕಲ್ಲುಕೂಚದ್ದು, ಅಂದರೆ ಕಲ್ಲಿನ ಕಂಬದ್ದು. ಪಕ್ಕದೂರಲ್ಲಿ ದ್ರಾಕ್ಷಿ ತೋಟ ಕಿತ್ತು ಹಾಕಿದ್ದರು, ಚಪ್ಪರದ ಹಳೇ ಕೂಚಗಳನ್ನು ಅರ್ಧ ಬೆಲೆಗೆ ಕೊಡುತ್ತಿದ್ದರು. ಆರು ತಂದು, ಒಂದೂವರೆ ಅಡಿ ಹೂತು, ಮೇಲೆ ತಗಡು ಹಾಕಿದೆವು. ಗೋಡೆ ಇಲ್ಲ, ನಾಲ್ಕೂ ಕಡೆ ಬಯಲು. ಕೂಚ ನೆಟ್ಟ ಮೇಸ್ತ್ರಿ ತೆಲುಗಿನವರು, ನನ್ನ ಗೋಡೆ ಕೋಣೆಯೊಳಗೆ ಇಣುಕಿ ಒಂದೇ ಮಾತು ಅಂದರು: "ಗಾಲಿ ಆಡಾಲನ್ನಾ." ಬೆಂಗಳೂರಿಂದ ಬಂದಿದ್ದ ನನ್ನ ಷಡ್ಡಕ, ಸೌದೆ ಕೋಣೆಗೆ ಚಕ್ರ ಯಾಕೆ ಬೇಕು ಅಂತ ಕೇಳಿದ. ಅವರು ಹೇಳಿದ್ದು ಗಾಳಿ ಆಡಬೇಕು ಅಂತ.

ಮಾತಿನಲ್ಲಿ ಬಗೆಹರಿಯುವುದಲ್ಲ ಅಂತ ಮರುವರ್ಷ ಡಿಸೆಂಬರಿನಲ್ಲಿ ಒಂದು ಟ್ರ್ಯಾಕ್ಟರ್ ನೀಲಗಿರಿ ತರಿಸಿದೆ. ಹೊಸದಾಗಿ ನೀಲಗಿರಿ ನೆಡಬಾರದು ಅಂತ 2017ರಲ್ಲಿ ಸರ್ಕಾರ ಆದೇಶ ಮಾಡಿದೆ. ಇರುವುದನ್ನು ಕಡಿದು ಮಾರುವವರು ನಮ್ಮ ಕಡೆ ಇನ್ನೂ ಸಿಗುತ್ತಾರೆ. ಹಸಿ ಇದ್ದಾಗಲೇ ಸೀಳಿಸಿದೆ, ಒಣಗಿದ ಮೇಲೆ ನೀಲಗಿರಿ ಕೊಡಲಿಗೆ ಬಗ್ಗುವುದಿಲ್ಲ. ಒಂದೇ ಮರದ ಮೂರು ಸೀಳಿಗೆ ಸುಣ್ಣದ ಗುರುತು ಹಾಕಿ, ಒಂದು ಟಾರ್ಪಾಲಿನಡಿ, ಒಂದು ಕೋಣೆಯಲ್ಲಿ, ಒಂದು ಕೂಚದ ಚಪ್ಪರದಲ್ಲಿ ರಾಶಿಯ ನಡುವೆ ಸೇರಿಸಿದೆ. ತೂಗಿದ್ದು ಪಕ್ಕದ ಮನೆಯವರು ಶಿಡ್ಲಘಟ್ಟದ ಮಾರುಕಟ್ಟೆಗೆ ಒಯ್ಯುವ ಮುಂಚೆ ರೇಷ್ಮೆಗೂಡು ತೂಗುವ ತಕ್ಕಡಿಯಲ್ಲಿ. ಮೂರೂ ಹೆಚ್ಚುಕಡಿಮೆ 3.2 ಕೆ.ಜಿ. ಹಸಿ ಸೌದೆಯಲ್ಲಿ ಅರ್ಧದಷ್ಟು ನೀರೇ ಇರುತ್ತದೆ. ಒಣಗುತ್ತಾ ನೀರಿನ ಪಾಲು ಆಗಿನ ತೂಕದ ಐದನೇ ಒಂದು ಭಾಗಕ್ಕೆ ಇಳಿದರೆ ಹೊಗೆಯಿಲ್ಲದೆ ಉರಿಯುತ್ತದೆ. ಅಂದರೆ 1.6 ಕೆ.ಜಿ. ಮರ, 0.4 ಕೆ.ಜಿ. ನೀರು, ಒಟ್ಟು ನನ್ನ ಸೀಳು ಎರಡು ಕೆ.ಜಿ.ಗೆ ಇಳಿಯಬೇಕು.

ಯುಗಾದಿಗೆ ಮುಂಚೆ ತೆಗೆದು ತೂಗಿದೆ. ಟಾರ್ಪಾಲಿನದು 2.6. ಕೋಣೆಯದು 2.4. ಕಲ್ಲುಕೂಚದ ಚಪ್ಪರದ್ದು ಸರಿಯಾಗಿ 2. ತಕ್ಕಡಿ ಬಿಡಿ, ಎರಡು ಸೀಳು ಒಂದಕ್ಕೊಂದು ಬಡಿದರೇ ಗೊತ್ತಾಗುತ್ತಿತ್ತು: ಚಪ್ಪರದ್ದು ಟಣ್ ಅನ್ನುತ್ತದೆ, ಕೋಣೆಯದು ದಪ್ ಅನ್ನುತ್ತದೆ. ತಲೆ ಕಡೆಯ ಬಿರುಕೂ ಚಪ್ಪರದ ಸೀಳಲ್ಲೇ ಜಾಸ್ತಿ.

ಕೋಣೆ ಸೋತಿದ್ದು ನನಗೆ ಅವಮಾನವೇ, ಖರ್ಚಾಗಿದ್ದು ಅದಕ್ಕೇ ತಾನೆ. ಜನವರಿಯ ಒಂದು ಬೆಳಗ್ಗೆ ಬಾಗಿಲು ತೆಗೆದರೆ ಮುಗ್ಗಲು ವಾಸನೆ. ಕತ್ತೆತ್ತಿ ನೋಡಿದರೆ ತಗಡಿನ ಒಳಮೈ ತುಂಬ ಹನಿ. ಮಳೆಯಿಲ್ಲ, ತೂತಿಲ್ಲ. ಸೌದೆ ಬಿಟ್ಟ ನೀರೇ ಆವಿಯಾಗಿ ಮೇಲೇರಿ, ಚಳಿಗೆ ತಣ್ಣಗಾದ ತಗಡಿಗೆ ಮೆತ್ತಿ, ಹನಿಯಾಗಿ ಮತ್ತೆ ಸೌದೆ ಮೇಲೇ ಬೀಳುತ್ತಿತ್ತು. ತೊಗಟೆ ಮೇಲೆ ಬಿಳೀ ಬೂಷ್ಟು. ಅಮ್ಮ ಒಂದು ಸೀಳು ತಿರುಗಿಸಿ ನೋಡಿ, "ಏನೋ ಇದು, ಸೌದೆ ಒಣಗ್ಸೋಕೆ ಇಟ್ಟಿದ್ದೋ, ಅಣಬೆ ಬೆಳೆಯೋಕೆ ಇಟ್ಟಿದ್ದೋ?" ಅಂದರು. ಚಪ್ಪರಕ್ಕೂ ಇದೇ ಅಂಗಡಿಯ ಇದೇ ತಗಡು, ಅಲ್ಲಿ ಒಂದು ಹನಿಯೂ ಇಲ್ಲ. ಕೋಣೆಗೆ ಮಣ್ಣಿನ ನೆಲ ಬಿಟ್ಟಿದ್ದೂ ತಪ್ಪಾಯಿತು, ಗೋಡೆ ಮೇಲೆ ಗೆದ್ದಲಿನ ಸಾಲು ಸೊಂಟದೆತ್ತರ ಏರಿತ್ತು. ಚಪ್ಪರದಲ್ಲಿ ಎರಡು ಮುರುಕು ಕೂಚ ಅಡ್ಡ ಮಲಗಿಸಿ ಅದರ ಮೇಲೆ ಜೋಡಿಸಿದ್ದರಿಂದ ಕೆಳಗೂ ಗಾಳಿ ಆಡುತ್ತಿತ್ತು. ಆ ಸಂದಿಯನ್ನು ನಮ್ಮ ನಾಯಿ ತನ್ನದು ಮಾಡಿಕೊಂಡಿದೆ. ಹಾವಿನ ಭಯಕ್ಕೆ ರಾತ್ರಿ ಟಾರ್ಚ್ ಇಲ್ಲದೆ ನಾನಂತೂ ಕೈ ಹಾಕುವುದಿಲ್ಲ.

ಕಲ್ಲುಕೂಚದಲ್ಲಿ ಕಷ್ಟವೇ ಇಲ್ಲ ಅಂತಲ್ಲ. ಒಂದು ಕೂಚ ಎತ್ತಿ ನಿಲ್ಲಿಸಲು ನಾಲ್ಕು ಆಳು ಬೇಕು. ಕಲ್ಲಿಗೆ ಮೊಳೆ ಹೊಡೆಯುವ ಹಾಗಿಲ್ಲ. ನನಗೆ ಸಿಕ್ಕ ಕೂಚಗಳ ತಲೆಯಲ್ಲಿ ದ್ರಾಕ್ಷಿ ತಂತಿಗೆ ಕೊರೆದ ಕಚ್ಚು ಇದ್ದದ್ದು ಪುಣ್ಯ, ಅಲ್ಲೇ ನೀಲಗಿರಿ ಗಳ ಕೂರಿಸಿ ತಂತಿ ಬಿಗಿದೆವು. ತಗಡನ್ನು ಗಳಕ್ಕೆ ಬರೀ ಮೊಳೆಯಲ್ಲಿ ಹೊಡೆದದ್ದೇ ಎಡವಟ್ಟು. ಏಪ್ರಿಲ್‌ನ ಆಲಿಕಲ್ಲು ಮಳೆಯ ದಿನ ಗಾಳಿ ಅಡಿಯಿಂದ ನುಗ್ಗಿ ಎರಡು ತಗಡು ಎತ್ತಿಕೊಂಡು ಹೋಗಿ ಪಕ್ಕದವರ ಹಿಪ್ಪುನೇರಳೆ ತೋಟದಲ್ಲಿ ಮಲಗಿಸಿತು. ಯಾರಿಗೂ ತಗುಲಲಿಲ್ಲ. ಆಮೇಲೆ ಗಳ ತೆಗೆದು ಕಬ್ಬಿಣದ ಪೈಪ್ ಹಾಕಿಸಿ, ರಬ್ಬರ್ ವಾಷರ್ ಇಟ್ಟು ಜೆ-ಬೋಲ್ಟ್ ಬಿಗಿಸಿದೆ. ಹಿಂಗಾರಿನ ಎರಚಲು ಪೂರ್ವದಿಂದ ಒಂದು ಮೊಳ ಒಳಗೆ ಬರುತ್ತದೆ. ಸೂರನ್ನು ಎರಡಡಿ ಮುಂದಕ್ಕೆ ಚಾಚಿಸಿದೆ, ಸೆಪ್ಟೆಂಬರಿನಿಂದ ಆ ಕಡೆ ಹಸಿರು ಶೇಡ್ ನೆಟ್ ಇಳಿಬಿಡುತ್ತೇನೆ. ಹೊರಸಾಲು ಒಂದಿಷ್ಟು ನೆನೆದರೂ ಮಳೆ ನಿಂತ ಎರಡು ದಿನಕ್ಕೆ ಒಣಗುತ್ತದೆ.

ಬಾಡಿಗೆ ಮನೆಯವರಿಗೆ, ವಾರದ ಸೌದೆ ತರುವವರಿಗೆ ಟಾರ್ಪಾಲು ಸಾಕು. ರಾಶಿಯ ಬೆನ್ನಿಗಷ್ಟೇ ಹೊದಿಸಿ, ಪಕ್ಕೆ ಮುಚ್ಚಬೇಡಿ. ಸೊಪ್ಪು ತಿಂದುಳಿದ ಹಿಪ್ಪುನೇರಳೆ ಕಡ್ಡಿಗೆ ಇಷ್ಟೆಲ್ಲ ಉಪಚಾರ ಬೇಡ, ಬಿಸಿಲಲ್ಲಿ ಹರವಿದರೆ ಹದಿನೈದು ದಿನಕ್ಕೆ ಒಲೆ ಹೊತ್ತಿಸಲು ಬರುತ್ತದೆ.

ಕೋಣೆಯನ್ನು ಕೆಡವಲು ಮನಸ್ಸಾಗಲಿಲ್ಲ. ಹೋದ ತಿಂಗಳು ಅದೇ ಮೇಸ್ತ್ರಿಯನ್ನು ಕರೆಸಿ, ಪೂರ್ವ ಪಶ್ಚಿಮದ ಗೋಡೆಗಳಲ್ಲಿ ಸಾಲು ಬಿಟ್ಟು ಸಾಲು ಒಂದೊಂದು ಬ್ಲಾಕ್ ಕೀಳಿಸಿದೆ. ಬಾಗಿಲನ್ನು ಕಳಚಿ ಕೋಳಿಗೂಡಿಗೆ ಹಾಕಿದ್ದಾಯಿತು. ಸುಣ್ಣದ ಗುರುತು ಹಾಕಿದ ಹೊಸ ಸೀಳು ಈಗ ಒಳಗಿದೆ, ತಕ್ಕಡಿಯನ್ನು ಪಕ್ಕದ ಮನೆಯವರು ಇನ್ನೂ ಕೇಳಿಲ್ಲ.