ಎಡ ಮಂಡಿ ಇಂಗ್ಲೆಂಡಿನದು, ಬಲ ಮಂಡಿ ಬೆಂಗಳೂರಿನದು

ನನ್ನ ಎರಡೂ ಮಂಡಿ ಈಗ ಲೋಹದವು. ಎಡಗಡೆಯದು ನಾನಿರುವ ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಯಲ್ಲಿ ಆಯಿತು. ಎರಡು ವರ್ಷ ಬಿಟ್ಟು ಬಲಗಡೆಯದನ್ನು ಬೆಂಗಳೂರಿಗೆ ಹೋಗಿ ಮಾಡಿಸಿಕೊಂಡು ಬಂದೆ. ಯಾವುದು ವಾಸಿ ಅಂತ ಇಲ್ಲಿನ ಕನ್ನಡದವರು ಸಿಕ್ಕಾಗಲೆಲ್ಲ ಕೇಳುತ್ತಾರೆ.

ಎಡ ಮಂಡಿಗೆ ಕೈಯಿಂದ ಒಂದು ಪೆನ್ನಿಯೂ ಹೋಗಲಿಲ್ಲ. ಕಾದದ್ದು ಮಾತ್ರ 14 ತಿಂಗಳು. ಡಾಕ್ಟರ್ ಆಸ್ಪತ್ರೆಗೆ ರೆಫರ್ ಮಾಡಿದ 18 ವಾರದೊಳಗೆ ಚಿಕಿತ್ಸೆ ಶುರುವಾಗಬೇಕು ಅನ್ನುವುದು ಇಲ್ಲಿನ ಗುರಿ. ಆದರೆ 2022ರಲ್ಲೇ ಎಲ್ಲ ಚಿಕಿತ್ಸೆಗಳೂ ಸೇರಿ ಇಂಗ್ಲೆಂಡಿನ ಕಾಯುವ ಪಟ್ಟಿ 70 ಲಕ್ಷ ದಾಟಿತ್ತು. ಕಾಯುವುದು ಅಂದರೆ ಸುಮ್ನೆ ಕೂರುವುದಲ್ಲ. ನಾನು ಮಹಡಿ ಮೆಟ್ಟಿಲನ್ನು ಮಕ್ಕಳ ಹಾಗೆ ಕೂತುಕೊಂಡೇ ಇಳಿಯುತ್ತಿದ್ದೆ, ಒಂದೊಂದಾಗಿ.

ಬಲ ಮಂಡಿಯೂ ಹಿಡಿದುಕೊಂಡಾಗ ಮತ್ತೆ ಅಷ್ಟು ಕಾಯಲು ಧೈರ್ಯ ಬರಲಿಲ್ಲ. ಇಲ್ಲೇ ಖಾಸಗಿಯಲ್ಲಿ ವಿಚಾರಿಸಿದೆ. ಹತ್ತಿರ ಹತ್ತಿರ 15 ಸಾವಿರ ಪೌಂಡ್ ಅಂದರು. ಅಲ್ಲಿಗೆ ಆ ದಾರಿ ಮುಚ್ಚಿತು. ಬೆಂಗಳೂರಿನಲ್ಲಿ ಆಪರೇಷನ್, ರೂಮು, ಔಷಧಿ ಎಲ್ಲ ಸೇರಿ ಮೂರೂವರೆ ಲಕ್ಷ ರೂಪಾಯಿ. ವಿಮಾನದ ಟಿಕೆಟ್ ಸೇರಿಸಿದರೂ ಇಲ್ಲಿನ ಖಾಸಗಿ ರೇಟಿನ ಮೂರನೇ ಒಂದು ಭಾಗ ಮುಟ್ಟಲಿಲ್ಲ. ಕೃತಕ ಮಂಡಿಯ ಬೆಲೆಗೆ ಕೇಂದ್ರ ಸರ್ಕಾರ 2017ರ ಆಗಸ್ಟ್‌ನಲ್ಲಿ ಮಿತಿ ಹಾಕಿದ್ದೂ ಇದಕ್ಕೆ ಒಂದು ಕಾರಣ. ಮೊದಲು ಒಂದೂವರೆ ಲಕ್ಷದ ಮೇಲಿದ್ದ ಕೋಬಾಲ್ಟ್ ಕ್ರೋಮಿಯಂ ಮಂಡಿಯನ್ನು ಆಗ ₹54,720ಕ್ಕೆ ಇಳಿಸಿದರು.

ಆಪರೇಷನ್ನಿನಲ್ಲಿ ನನಗೆ ವ್ಯತ್ಯಾಸ ಕಾಣಲಿಲ್ಲ. ಎರಡೂ ಕಡೆ ಬೆನ್ನಿಗೆ ಇಂಜೆಕ್ಷನ್, ಮರುದಿನವೇ ವಾಕರ್ ಹಿಡಿಸಿ ನಡೆಸಿದರು.

ವ್ಯತ್ಯಾಸ ಇದ್ದದ್ದು ಆಮೇಲಿನ ದಿನಗಳಲ್ಲಿ. ಇಲ್ಲಿ ಮೂರನೇ ದಿನ ಊರುಗೋಲು, ವ್ಯಾಯಾಮದ ಹಾಳೆ ಕೊಟ್ಟು ಮನೆಗೆ ಕಳಿಸಿದರು. ಹೆಂಡತಿ ಕೆಲಸಕ್ಕೆ ಹೋದ ಮೇಲೆ ಒಬ್ಬನೇ ಎಣಿಸಿಕೊಂಡು ಮಂಡಿ ಬಗ್ಗಿಸುತ್ತಿದ್ದೆ. ಅಲ್ಲಿ ಐದು ದಿನ ಆಸ್ಪತ್ರೆ, ಆಮೇಲೆ ಬಸವನಗುಡಿಯ ತಂಗಿ ಮನೆ. ಬೆಳಗ್ಗೆ ಫಿಸಿಯೋಥೆರಪಿಸ್ಟ್ ಮನೆಗೇ ಬರುತ್ತಿದ್ದರು. ಇಲ್ಲಿ ನೋವಿಗೆ ಹತ್ತರಲ್ಲಿ ಎಷ್ಟು ಅಂತ ನಂಬರ್ ಹೇಳಿದ್ದೆ. ಆಕೆ ಕೇಳಿದ್ದು, "ಚುಳ್ ಅನ್ನುತ್ತಾ, ಸೆಳೆಯುತ್ತಾ, ಜೋಮು ಹಿಡಿದ ಹಾಗಾ?" ಸೆಳೆತ ಅಂದೆ. ತೊಡೆಯ ಹಿಂಭಾಗವನ್ನು ನಿಧಾನವಾಗಿ ಒತ್ತಿ ಸಡಿಲ ಮಾಡಿ, ಆಮೇಲೆ ಮಂಡಿ ಬಗ್ಗಿಸಿದರು. ಅವತ್ತು ಮೊದಲ ಸಲ 90 ಡಿಗ್ರಿ ಬಂತು. ಕಣ್ಣಲ್ಲಿ ನೀರೂ ಬಂತು.

ಆದರೆ ಬೆಂಗಳೂರಿಗೆ ಬೇರೆ ಬೆಲೆ ಇದೆ. ರಕ್ತ ಹೆಪ್ಪುಗಟ್ಟುವ ಭಯಕ್ಕೆ ಮೂರು ತಿಂಗಳು ದೂರದ ವಿಮಾನ ಬೇಡ ಅಂದರು ಸರ್ಜನ್. ಅಷ್ಟು ದಿನ ಇರಲು ಮನೆ ಬೇಕು, ರಜೆ ಬೇಕು, ಸ್ನಾನಕ್ಕೆ ಕೈ ಹಿಡಿಯುವವರು ಬೇಕು. ಈ ಮೂರೂ ಇಲ್ಲದಿದ್ದರೆ ಹೋಗಬೇಡಿ ಅಂತಲೇ ನಾನು ಹೇಳುವುದು. ಇಲ್ಲಿನ ಪಟ್ಟಿಯಲ್ಲಿ ಆರು ತಿಂಗಳೊಳಗೆ ಸರದಿ ಬರುವಂತಿದ್ದರೂ ಹೋಗಬೇಡಿ.

ವಾಪಸ್ ಬಂದ ಮೇಲಿನ ಕಷ್ಟವೂ ಇದೆ. ನಾಲ್ಕನೇ ತಿಂಗಳಲ್ಲಿ ಬಲಗಾಲು ಊದಿಕೊಂಡಿತು. ಯಾವ ಕಂಪನಿಯ ಮಂಡಿ, ಯಾವ ಅಳತೆ ಅಂತ ಇಲ್ಲಿನ ಡಾಕ್ಟರ್ ಕೇಳಿದರು. ಇಂಗ್ಲೆಂಡಿನಲ್ಲಿ 2003ರಿಂದ ಇಂಥ ಆಪರೇಷನ್‌ಗಳಿಗೆ ರಾಷ್ಟ್ರೀಯ ದಾಖಲೆ ಇಡುತ್ತಾರೆ. ನನ್ನ ಎಡ ಮಂಡಿಯ ವಿವರ ಅದರಲ್ಲಿದೆ. ಬಲದ್ದು ಇದ್ದದ್ದು ಬೆಂಗಳೂರಿನ ಫೈಲಿನ ಕೊನೇ ಹಾಳೆಗೆ ಅಂಟಿಸಿದ್ದ ನಾಲ್ಕು ಪುಟ್ಟ ಸ್ಟಿಕ್ಕರ್‌ಗಳಲ್ಲಿ. ಸೂಟ್‌ಕೇಸ್ ತೂಕ ಜಾಸ್ತಿ ಆಯ್ತು ಅಂತ ಆ ಫೈಲನ್ನೇ ಬಿಟ್ಟು ಬರುವವನಿದ್ದೆ, ತಂಗಿ ಕೈಚೀಲಕ್ಕೆ ತುರುಕಿದ್ದಳು. ಈಗ ಆ ಹಾಳೆಯ ಫೋಟೋ ನನ್ನ ಫೋನಿನಲ್ಲೂ ಇದೆ, ಹೆಂಡತಿಯ ಫೋನಿನಲ್ಲೂ ಇದೆ.