ಸೋತ ಚಕ್ರವರ್ತಿಯ ರಥದ ಬಯಲು: ರೋಮಿನ ವಿಲ್ಲಾ ದಿ ಮಸೆಂಜಿಯೋ

ರೋಮಿಗೆ ಹೋಗುವವರು ಕೊಲೊಸಿಯಮ್ ನೋಡಿಯೇ ನೋಡುತ್ತಾರೆ. ಅದಾದ ಮೇಲೆ ಅರ್ಧ ದಿನ ಉಳಿದರೆ ಆಪಿಯಾ ರಸ್ತೆಗೆ ಹೋಗಿ ಎಂದು ನಾನು ಎಲ್ಲರಿಗೂ ಹೇಳುತ್ತಿದ್ದೇನೆ. ಸಂತ ಸೆಬಾಸ್ಟಿಯನ್ನನ ಕ್ಯಾಟಕಾಂಬ್ (ನೆಲದಡಿಯ ಸಮಾಧಿ ಸುರಂಗ) ದಾಟಿದರೆ ಎಡಗಡೆ ಚಕ್ರವರ್ತಿ ಮ್ಯಾಕ್ಸೆಂಟಿಯಸ್ ಕಟ್ಟಿಸಿದ ಅರಮನೆ, ರಥದ ಬಯಲು, ಸಮಾಧಿ ಮೂರೂ ಒಂದೇ ಆವರಣದಲ್ಲಿವೆ. ನಾವು ಹೋದಾಗ ಪ್ರವೇಶ ಉಚಿತವಿತ್ತು. ಜನವೇ ಇರಲಿಲ್ಲ. ಇತಿಹಾಸ ಪಾಠ ಮಾಡಿಕೊಂಡು ಬಂದ ನನಗೆ ಅದಕ್ಕಿಂತ ಇನ್ನೇನು ಬೇಕು!

ಬಯಲಿನ ಉದ್ದ ಸುಮಾರು 500 ಮೀಟರ್. ಪಶ್ಚಿಮದ ತುದಿಯಲ್ಲಿ ಎರಡು ಗೋಪುರ, ನಡುವೆ ರಥಗಳು ಹೊರಡುತ್ತಿದ್ದ 12 ಬಾಗಿಲುಗಳ ಗುರುತು. ಆ ಸಾಲು ನೇರವಾಗಿಲ್ಲ, ಬಿಲ್ಲಿನಂತೆ ಬಾಗಿದೆ. ಯಾವ ಬಾಗಿಲಿಂದ ಹೊರಟರೂ ದೂರ ಒಂದೇ ಆಗಲಿ ಎಂಬ ಲೆಕ್ಕಾಚಾರ. ಪ್ರೇಕ್ಷಕರು ಕೂರುತ್ತಿದ್ದ ಮೆಟ್ಟಿಲುಗಳ ಕೆಳಗಿನ ಕಮಾನುಗಳನ್ನು ಹತ್ತಿರ ಹೋಗಿ ನೋಡಿ: ಭಾರ ತಗ್ಗಲೆಂದು ಗಾರೆಯೊಳಗೆ ಇಡೀ ಮಣ್ಣಿನ ಜಾಡಿಗಳನ್ನೇ ಹುದುಗಿಸಿದ್ದಾರೆ. ಒಡೆದ ಕಡೆ ಜಾಡಿಯ ಹೊಟ್ಟೆಯ ಒಳಮೈ ಕಾಣುತ್ತದೆ. ಮಧ್ಯದಲ್ಲಿ ನಿಂತಿದ್ದ ಕಲ್ಲಿನ ಕಂಬವನ್ನು ಮಾತ್ರ ಇಲ್ಲಿ ಹುಡುಕಬೇಡಿ, ಅದೀಗ ನವೋನಾ ಚೌಕದಲ್ಲಿ ಶಿಲ್ಪಿ ಬರ್ನಿನಿಯ ಕಾರಂಜಿಯ ಮೇಲಿದೆ.

ಪಕ್ಕದ ದುಂಡನೆಯ ಸಮಾಧಿ ಕ್ರಿ.ಶ. 309ರಲ್ಲಿ ತೀರಿಕೊಂಡ ಮ್ಯಾಕ್ಸೆಂಟಿಯಸ್‌ನ ಮಗ ರೋಮ್ಯುಲಸ್‌ನದು ಎನ್ನುತ್ತಾರೆ. ಈ ಬಯಲನ್ನು ಬಹುಕಾಲ ಹಿಂದಿನ ಚಕ್ರವರ್ತಿ ಕ್ಯಾರಕಲ್ಲನದೆಂದು ತಿಳಿದಿದ್ದರು. 1825ರಲ್ಲಿ ಅಗೆದಾಗ ಆ ಹುಡುಗನ ಹೆಸರಿನ ಶಾಸನ ಸಿಕ್ಕಿತು, ಆಗಲೇ ಇದು ಯಾರದೆಂದು ಖಚಿತವಾದದ್ದು. ಅಪ್ಪನ ಆಸ್ತಿಯನ್ನು ಸತ್ತ ಮಗ ಬಿಡಿಸಿಕೊಟ್ಟ ಹಾಗಾಯಿತು. ಅಲ್ಲಿ ನಿಂತು ನನಗೆ ಬಹಳ ಸಂಕಟವಾಯಿತು.

ಒಂದೇ ಕಾಲಕ್ಕೆ ಹಲವು ಚಕ್ರವರ್ತಿಗಳಿದ್ದು, ಉಳಿದವರು ಟ್ರಿಯರ್, ನಿಕೊಮಿಡಿಯಾ ಎಂದು ಬೇರೆ ಬೇರೆ ಊರು ಹಿಡಿದಿದ್ದ ಕಾಲದಲ್ಲಿ ರೋಮಿನಲ್ಲೇ ಕೂತು ಕಟ್ಟಿಸಿದವನು ಮ್ಯಾಕ್ಸೆಂಟಿಯಸ್. 306ರ ಅಕ್ಟೋಬರ್ 28ರಂದು ಕಾವಲು ಪಡೆಯವರು ಪಟ್ಟ ಕಟ್ಟಿದರು. ಮರುವರ್ಷ ಎದುರಾಳಿ ಚಕ್ರವರ್ತಿಗಳಾದ ಸೆವೆರಸ್, ಆಮೇಲೆ ಗ್ಯಾಲೀರಿಯಸ್ ದಂಡೆತ್ತಿ ಬಂದಾಗ ಕೋಟೆಯೊಳಗೇ ಕೂತು ಗೆದ್ದ. ಹೆತ್ತ ತಂದೆ ಮ್ಯಾಕ್ಸಿಮಿಯನ್ ತುಂಬಿದ ಸಭೆಯಲ್ಲಿ ಮೈಮೇಲಿನ ರಾಜವಸ್ತ್ರ ಕಿತ್ತಾಗಲೂ ಸೈನಿಕರು ಮಗನ ಕಡೆಗೇ ನಿಂತರು. 312ರಲ್ಲಿ ಮತ್ತೊಬ್ಬ ಚಕ್ರವರ್ತಿ ಕಾನ್‌ಸ್ಟಂಟೈನ್ ಬಂದಾಗ ಮಾತ್ರ ಕೋಟೆ ಬಿಟ್ಟು ಹೊರಬಿದ್ದ. ರಥದ ಪಂದ್ಯದ ಹೊತ್ತಿನಲ್ಲಿ ಜನ 'ಕಾನ್‌ಸ್ಟಂಟೈನನನ್ನು ಸೋಲಿಸಲಾಗದು' ಎಂದು ಕೂಗಿದರಂತೆ. ರೋಮನ್ನರ ಶತ್ರು ಇಂದು ಸಾಯುತ್ತಾನೆಂದು ಭವಿಷ್ಯ ನುಡಿಯುವ ಗ್ರಂಥವೂ ಹೇಳಿತಂತೆ. ಇದನ್ನು ಬರೆದ ಕ್ರೈಸ್ತ ಲೇಖಕ ಲ್ಯಾಕ್ಟಾಂಟಿಯಸ್ ಗೆದ್ದವನ ಕಡೆಯವನು, ಅದು ನೆನಪಿರಲಿ. ಅದೇ ಅಕ್ಟೋಬರ್ 28, ಮಿಲ್ವಿಯನ್ ಸೇತುವೆಯ ಬಳಿ ಸೇನೆ ಚೆದುರಿ, ಇವನು ಟೈಬರ್ ನದಿಯಲ್ಲಿ ಮುಳುಗಿ ಸತ್ತ. ತಲೆಯನ್ನು ಊರಲ್ಲಿ ಮೆರವಣಿಗೆ ಮಾಡಿದರು. ಹಳೆಯ ರೋಮಿನ ನಡುಚೌಕವಾದ ಫೋರಮ್ಮಿನಲ್ಲಿ ಅವನು ಶುರುಮಾಡಿದ ದೊಡ್ಡ ಬೆಸಿಲಿಕಾವನ್ನು (ಸಾರ್ವಜನಿಕ ಸಭಾಭವನ) ಗೆದ್ದವನು ಮುಗಿಸಿ ತನ್ನ ಬೃಹತ್ ಮೂರ್ತಿ ಕೂರಿಸಿಕೊಂಡ. ಕಾನ್‌ಸ್ಟಂಟೈನನ ಕಮಾನಿನ ಶಾಸನದಲ್ಲಿ ಇವನಿಗೆ ಹೆಸರೂ ಇಲ್ಲ, ಬರೀ 'ನಿರಂಕುಶ'. ಗೆದ್ದವರು ಬರೆದದ್ದನ್ನಷ್ಟೇ ಓದಿದವರು ಈ ಬಯಲಿಗೆ ಬರಲೇಬೇಕು.

118ನೇ ಬಸ್ಸು ಹಿಡಿಯಿರಿ. ನಡೆದು ಬರುವ ಸಾಹಸ ಬೇಡ, ರಸ್ತೆ ಕಿರಿದು, ಬಹಳ ಕಡೆ ಫುಟ್‌ಪಾತೇ ಇಲ್ಲ. ನಮ್ಮ ಯಜಮಾನರಿಗೆ ಮಂಡಿನೋವು, ಹುಲ್ಲಿನ ಏರುತಗ್ಗಿನಲ್ಲಿ ನಿಧಾನಕ್ಕೆ ನಡೆದರು. ಬಯಲಿನಲ್ಲಿ ನೆರಳಿಲ್ಲ, ಟೋಪಿ ಮತ್ತು ನೀರು ಇರಲಿ. ಇಲ್ಲಿಂದ ತೆರ್ಮಿನಿ ನಿಲ್ದಾಣದ ಹತ್ತಿರದ ಪಲಾತ್ಸೊ ಮಾಸಿಮೊ ಮ್ಯೂಸಿಯಮ್ಮಿಗೂ ಹೋಗಿ. ಪ್ಯಾಲಟೈನ್ ಗುಡ್ಡದ ಬುಡದಲ್ಲಿ ರೇಷ್ಮೆ, ನಾರುಬಟ್ಟೆ ಸುತ್ತಿ ಪೆಟ್ಟಿಗೆಯಲ್ಲಿಟ್ಟು ಹೂತಿದ್ದ, ಮ್ಯಾಕ್ಸೆಂಟಿಯಸ್‌ನದೆನ್ನುವ ರಾಜದಂಡದ ಗಾಜಿನ ಗೋಲಗಳು, ಭರ್ಜಿಯ ಮೊನೆಗಳು ಅಲ್ಲಿವೆ. ಸೋಲಿನ ಸುದ್ದಿ ಬಂದಾಗ ಅವನ ಕಡೆಯವರೇ ಬಚ್ಚಿಟ್ಟಿರಬೇಕು ಎಂಬುದು ಉತ್ಖನನ ಮಾಡಿದವರ ಊಹೆ. ಎರಡೂ ಕಡೆ ಸೋಮವಾರ ರಜೆ.