ಡೀಸೆಲ್ ಎಂಜಿನ್ನೋ, ಸೋಲಾರ್ ಪಂಪೋ?

ವಿಜಯಪುರ ಜಿಲ್ಲೆಯ ಇಂಡಿ, ಚಡಚಣದ ಕಡೆ ನಿಂಬೆ ತೋಟ ಇರುವವರೇ, ಮೊದಲು ನೀರು ಎಷ್ಟು ಆಳದಲ್ಲಿದೆ ನೋಡಿ. ಮೇಲೆ ಕೂರಿಸುವ ಎಂಜಿನ್ ಪಂಪು 7–8 ಮೀಟರ್‌ಗಿಂತ ಕೆಳಗಿನ ನೀರನ್ನು ಎಳೆಯುವುದಿಲ್ಲ. ಹೊಳೆ, ಕಾಲುವೆಗೆ ಅದು ಸರಿ. ಕೊಳವೆಬಾವಿಗೆ ಜನರೇಟರ್ ಇಟ್ಟು ನೀರೊಳಗೆ ಇಳಿಸುವ ಸಬ್‌ಮರ್ಸಿಬಲ್ ಪಂಪು ಓಡಿಸಬೇಕು, ಖರ್ಚು ಇನ್ನೂ ಜಾಸ್ತಿ.

5 ಎಚ್‌ಪಿ ಎಂಜಿನ್ ಗಂಟೆಗೆ ಸುಮಾರು 1 ಲೀಟರ್ ಡೀಸೆಲ್ ಕುಡಿಯುತ್ತದೆ. ನಮ್ಮ ದೇಶ ಕಚ್ಚಾತೈಲದಲ್ಲಿ ಶೇ 85ಕ್ಕಿಂತ ಹೆಚ್ಚನ್ನು ಹೊರಗಿನಿಂದಲೇ ತರಿಸುತ್ತದೆ, ಹಾಗಾಗಿ ಎಲ್ಲೋ ಯುದ್ಧ ಆದರೂ ನಿಮ್ಮ ಗಿಡದ ನೀರು ತುಟ್ಟಿಯಾಗಬಹುದು. ಆದರೆ ಎಂಜಿನ್ ರಾತ್ರಿಯೂ ಓಡುತ್ತದೆ, ಊರಿನ ಮೆಕ್ಯಾನಿಕ್ಕೇ ರಿಪೇರಿ ಮಾಡುತ್ತಾನೆ. ಇದು ಸಣ್ಣ ಮಾತಲ್ಲ.

ಸೋಲಾರ್‌ಗೆ ಮೊದಲ ದುಡ್ಡೇ ಭಾರ. 5 ಎಚ್‌ಪಿಗೆ ಸುಮಾರು 4.8 ಕಿಲೋವ್ಯಾಟ್ ಪ್ಯಾನೆಲ್ ಬೇಕು. 2019ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಕುಸುಮ್ ಯೋಜನೆಯಲ್ಲಿ ಸೋಲಾರ್ ಪಂಪಿಗೆ ಸಹಾಯಧನ ಇಟ್ಟಿದ್ದರು, ಈಗ ಸಿಗುತ್ತದೆಯೇ, ಷರತ್ತು ಏನು ಅಂತ ವಿಚಾರಿಸಿಯೇ ಹೆಜ್ಜೆ ಇಡಿ. ಬಿಸಿಲು ಜಾಸ್ತಿ ಇದ್ದರೆ ಕರೆಂಟೂ ಜಾಸ್ತಿ ಅಂತ ಸುಮ್ನೆ ಅಂದುಕೊಳ್ಳಬೇಡಿ. ಪ್ಯಾನೆಲ್ 25 ಡಿಗ್ರಿ ದಾಟಿದ ಮೇಲೆ ಒಂದೊಂದು ಡಿಗ್ರಿಗೂ ಶೇ 0.3–0.4ರಷ್ಟು ಕಡಿಮೆ ಕೊಡುತ್ತದೆ. ಧೂಳನ್ನೂ ಒರೆಸುತ್ತಿರಬೇಕು.

ಲೈನ್ ಕರೆಂಟ್ ಇದೆಯಲ್ಲ ಅನ್ನುತ್ತೀರಾ? ಅದಕ್ಕೂ ಎಲ್ಲೋ ಇಂಧನ ಸುಡುತ್ತಲೇ ಇರುತ್ತಾರೆ. ನಮ್ಮ ಜಿಲ್ಲೆಯ ಕೂಡಗಿಯ 2,400 ಮೆಗಾವ್ಯಾಟ್ ಸ್ಥಾವರ ಉರಿಸುವುದೂ ಕಲ್ಲಿದ್ದಲನ್ನೇ, ಅಲ್ವಾ?

ಕೊಳವೆಬಾವಿ, ಡ್ರಿಪ್ ಇದ್ದು ದಿನಾ ನೀರು ಬೇಕಿದ್ದರೆ ನಾನು ಸೋಲಾರನ್ನೇ ಹೇಳುತ್ತೇನೆ. ಕಾಲುವೆ ಪಕ್ಕ ವರ್ಷಕ್ಕೆ ಕೆಲವೇ ದಿನ ನೀರೆತ್ತುವವರು ಎಂಜಿನ್ ಮಾರಬೇಡಿ.